ಕಂಕನಾಡಿ ಗುಡ್ಡದ ಕಾಯಕಯೋಗಿ ಫಾದರ್ ಮುಲ್ಲರ್

ದಕ್ಷಿಣ ಕನ್ನಡದ ಜನಸಾಮಾನ್ಯರ ಮಾತಿನಲ್ಲಿ ಕಂಕನಾಡಿ ಎಂದರೆ ಆಸ್ಪತ್ರೆ ಎಂದೇ ಅರ್ಥ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಹಳ್ಳಿಗಳಿಂದ, ಗಡಿಯಾಚೆಯ ಮಂಜೇಶ್ವರ, ಕಾಸರಗೋಡಿನಿಂದ ಕಾಯಿಲೆಯವರನ್ನು ಕರೆತರುವ ಮಂದಿ ಕಂಕನಾಡಿಗೆ ಹೊರಟಿದ್ದೇವೆ ಎಂದಷ್ಟೇ ಹೇಳಿದರೂ ಕೇಳಿದವರಿಗೆ ಸಂಗತಿ ತಿಳಿದುಬಿಡುತ್ತದೆ. ಸಾವಿರಕ್ಕೂ ಅಧಿಕ ಹಾಸಿಗೆಗಳ ಆಸ್ಪತ್ರೆ, ವೈದ್ಯಕೀಯ ಕಾಲೇಜು, ಹೋಮಿಯೋಪಥಿ ಕಾಲೇಜು, ಔಷಧ ತಯಾರಿಕಾ ಘಟಕ ಎಂದೆಲ್ಲ ಕವಲೊಡೆದಿರುವ ಈ ಸಂಸ್ಥೆಯ ಬುಡ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಒಂದು ಆಲದ ಮರ, ಒಂದಿಷ್ಟು ಸಕ್ಕರೆ ಗುಳಿಗೆ ಮತ್ತು ವೃತ್ತಿಯಿಂದ ವೈದ್ಯನಲ್ಲದ ಒಬ್ಬ ಪರದೇಶಿ ಪಾದ್ರಿ.

ಆ ಪಾದ್ರಿಯ ಹೆಸರು ಅಗಸ್ಟಸ್ ಮುಲ್ಲರ್. ಆಸ್ಪತ್ರೆ ಕಟ್ಟಬೇಕೆಂಬ ಸಂಕಲ್ಪ ಹೊತ್ತು ಅವರು ಮಂಗಳೂರಿಗೆ ಬಂದವರಲ್ಲ. ಕೈಗೆ ಸಿಕ್ಕಿದ ಸಣ್ಣ ಕೆಲಸವನ್ನು ಬಿಡದೆ ಮಾಡುತ್ತ ಹೋದಂತೆ, ಆ ಕೆಲಸವೇ ಅವರಿಗೆ ಬದುಕಿನ ಗುರಿಯನ್ನು ತೋರಿಸಿಕೊಟ್ಟಿತು. ನಡುವಯಸ್ಸಿಗೆ ಕಾಲಿಟ್ಟ ಗಂಡಸು ತಾನು ಮಾಡುತ್ತಿರುವುದಕ್ಕೆ ಏನರ್ಥ ಎಂದು ಕೇಳಿಕೊಳ್ಳುವುದು ಎಲ್ಲ ಕಾಲಕ್ಕೂ ಉಂಟು. ಆ ಪ್ರಶ್ನೆಗೆ ಮುಲ್ಲರ್ ಅವರ ಬದುಕು ಕೊಡುವ ಉತ್ತರ ಸರಳವಾದುದು. ಆದರೆ ಸುಲಭವಾದುದಲ್ಲ.

ವೆಸ್ಟ್‌ಫೇಲಿಯಾದಿಂದ ಮಂಗಳೂರಿಗೆ

ಮುಲ್ಲರ್ ಜನಿಸಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ. ಅವರು ಸೇರಿದ್ದು ಯೇಸುಸಭೆಯನ್ನು. ಶಾಲೆ ಕಾಲೇಜುಗಳನ್ನು ನಡೆಸುವುದರಲ್ಲಿ ಹೆಸರಾದ ಈ ಸಭೆಗೆ ಆ ಕಾಲ ಅನುಕೂಲಕರವಾಗಿರಲಿಲ್ಲ. 1872ರಲ್ಲಿ ಬಿಸ್ಮಾರ್ಕ್ ಆಡಳಿತವು ಕಾನೂನೊಂದನ್ನು ತಂದು ಯೇಸುಸಭೆಯನ್ನು ಜರ್ಮನಿಯಿಂದಲೇ ಹೊರಗಟ್ಟಿತು. ಆ ತಲೆಮಾರಿನ ಅನೇಕ ಜರ್ಮನ್ ಪಾದ್ರಿಗಳಿಗೆ ದೂರದ ನಾಡುಗಳೇ ಕಾರ್ಯಕ್ಷೇತ್ರಗಳಾದವು.

ಇತ್ತ ಮಂಗಳೂರಿನ ಕ್ರೈಸ್ತರು ಬಹುಕಾಲದಿಂದ ಉನ್ನತ ಶಿಕ್ಷಣದ ವ್ಯವಸ್ಥೆಗಾಗಿ ರೋಮಿಗೆ ಮನವಿ ಸಲ್ಲಿಸುತ್ತ ಬಂದಿದ್ದರು. 1878ರಲ್ಲಿ ಹದಿಮೂರನೆಯ ಲಿಯೋ ಪೋಪ್ ಅವರು ಮಂಗಳೂರು ಮಿಷನ್ನನ್ನು ಕಾರ್ಮೆಲಿಟ್ ಸಭೆಯವರಿಂದ ಯೇಸುಸಭೆಯವರಿಗೆ ವಹಿಸಿಕೊಟ್ಟರು. ಹೊಣೆ ಬಿದ್ದದ್ದು ಇಟಲಿಯ ವೆನಿಸ್ ಪ್ರಾಂತದ ಯೇಸುಸಭೆಯ ಮೇಲೆ. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಇಟಲಿಯವರೇ ಹೆಚ್ಚಾಗಿದ್ದ ಆ ತಂಡದಲ್ಲಿದ್ದ ಜರ್ಮನ್ ಪಾದ್ರಿಯೇ ಮುಲ್ಲರ್. ಆಗ ಅವರ ವಯಸ್ಸು 37.

ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕೆನರಾ ಜಿಲ್ಲೆಯ ಮುಖ್ಯ ಪಟ್ಟಣವಾಗಿದ್ದ ಮಂಗಳೂರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ಬಂದರಿನಲ್ಲಿ ಹಡಗು, ಒಳನಾಡಿಗೆ ಎತ್ತಿನ ಗಾಡಿ, ಇವೇ ಸಂಚಾರದ ಮುಖ್ಯ ಸಾಧನಗಳು. ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಹೊಗೆ ಉಗುಳತೊಡಗಿತ್ತು. ಇಂದು ವೆನ್ಲಾಕ್ ಎಂದು ಕರೆಯಲಾಗುವ ಸರಕಾರಿ ಆಸ್ಪತ್ರೆ ಇತ್ತು. ಆದರೆ ಆಸ್ಪತ್ರೆ ಎಂದರೆ ಸಾಯಲು ಹೋಗುವ ಜಾಗ ಎಂಬ ಭಯ ಜನರ ಮನಸ್ಸಿನಿಂದ ಹೋಗಿರಲಿಲ್ಲ. ಬಡವನಿಗೆ ಜ್ವರ ಬಂದರೆ ಮನೆಮದ್ದು, ನಾಟಿ ವೈದ್ಯ, ಭೂತಕ್ಕೆ ಹರಕೆ, ಇಲ್ಲವೇ ಇಗರ್ಜಿಯಲ್ಲಿ ಮೇಣದ ಬತ್ತಿ. ಅದರಾಚೆ ದಾರಿ ಕಡಿಮೆ.

ಆಲದ ಮರದ ಕೆಳಗೆ

ಯೇಸುಸಭೆಯವರು 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಮುಲ್ಲರ್ ಅವರ ಪಾಲಿಗೆ ಬಂದದ್ದು ಬೋಧನೆಯ ಕೆಲಸ. ಹೋಮಿಯೋಪಥಿಯ ಪರಿಚಯ ಅವರಿಗೆ ಮಂಗಳೂರಿಗೆ ಬರುವ ಮೊದಲೇ ಇತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ತಮ್ಮಲ್ಲಿದ್ದ ಗುಳಿಗೆಗಳನ್ನು ಕೊಡತೊಡಗಿದರು. ಸುದ್ದಿ ಕಾಲೇಜಿನ ಗೋಡೆಯನ್ನು ದಾಟಿತು. ಹುಡುಗರ ಹಿಂದೆ ಅವರ ಮನೆಯವರು ಬಂದರು, ಅವರ ಹಿಂದೆ ನೆರೆಯವರು ಬಂದರು.

ಅದೇ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವೊಂದು ಆರಂಭವಾಯಿತು. ಅದು ಮೊದಲು ನಡೆದದ್ದು ಆಲದ ಮರವೊಂದರ ನೆರಳಿನಲ್ಲಿ ಎಂಬುದು ಸಂಸ್ಥೆಯಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ನೆನಪು. ಆ ಕಾಲದ ಕಂಕನಾಡಿಯಲ್ಲಿ ಇಂದಿನ ಮಾರುಕಟ್ಟೆ, ಬಸ್ಸು ನಿಲ್ದಾಣ, ಪಂಪ್‌ವೆಲ್‌ನತ್ತ ಇಳಿಯುವ ವಾಹನಗಳ ಸಾಲು ಯಾವುದೂ ಇರಲಿಲ್ಲ. ಅದು ಪಟ್ಟಣದ ಹೊರ ಅಂಚಿನ ಗುಡ್ಡ ಪ್ರದೇಶ.

ಆಗ ಮುಲ್ಲರ್ ಅವರಿಗೆ 39 ವರ್ಷ. ಕಲಿಸಲು ಬಂದಾತ ಔಷಧ ಹಂಚುತ್ತ ಕುಳಿತದ್ದು ಲೌಕಿಕ ದೃಷ್ಟಿಯಿಂದ ಮೇಲೇರಿದ ಹೆಜ್ಜೆಯೇನೂ ಅಲ್ಲ. ಕಾಲೇಜಿನ ಬೋಧಕನಿಗೆ ಊರಿನಲ್ಲಿ ಗೌರವವಿತ್ತು, ಮುಂದೆ ದೊಡ್ಡ ಹುದ್ದೆಗೆ ಏರುವ ಶಿಷ್ಯರು ಇದ್ದರು. ಮರದ ಕೆಳಗೆ ಬಂದವರಲ್ಲಿ ಹೆಚ್ಚಿನವರಿಗೆ ಹೆಸರು ಬರೆಯಲೂ ಬಾರದು. ಗುಣವಾದರೆ ಅವರು ಮರಳಿ ಬರುವುದಿಲ್ಲ, ಗುಣವಾಗದಿದ್ದರೆ ಮತ್ತೆ ಮತ್ತೆ ಬರುತ್ತಾರೆ. ಇಂತಹ ಕೆಲಸದಲ್ಲಿ ಮುಗಿಯಿತು ಎಂಬ ದಿನವೇ ಇರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಸಾಲು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮುಲ್ಲರ್ ಈ ಕೆಲಸವನ್ನು 30 ವರ್ಷ ಬಿಡಲಿಲ್ಲ.

ಅಂಚೆಯಲ್ಲಿ ಹೋದ ಔಷಧ

ಧರ್ಮಾರ್ಥವಾಗಿ ಔಷಧ ಕೊಡುವವನಿಗೆ ಎದುರಾಗುವ ಮೊದಲ ಪ್ರಶ್ನೆ ಹಣದ್ದು. ದಾನಿಗಳ ಮನೆ ಬಾಗಿಲು ತಟ್ಟುವುದೊಂದು ದಾರಿ. ಮುಲ್ಲರ್ ದಾನವನ್ನು ನಿರಾಕರಿಸಲಿಲ್ಲ. ಆದರೆ ಅದೊಂದನ್ನೇ ನೆಚ್ಚಿಯೂ ಕೂರಲಿಲ್ಲ. ಔಷಧವನ್ನು ಕೊಳ್ಳಬಲ್ಲವರಿಗೆ ಮಾರಿ, ಆ ಲಾಭದಿಂದ ಕೊಳ್ಳಲಾರದವರಿಗೆ ಉಚಿತವಾಗಿ ನೀಡುವ ಕ್ರಮವನ್ನು ಅವರು ರೂಢಿಸಿಕೊಂಡರು. ಕಂಕನಾಡಿಯ ಔಷಧಗಳು ಅಂಚೆಯ ಮೂಲಕ ದೇಶದ ನಾನಾ ಭಾಗಗಳಿಗೆ ಹೋಗತೊಡಗಿದವು.

ಈ ಯೋಜನೆಗೆ ಕಾಲವೂ ಕೂಡಿಬಂದಿತ್ತು. ವಸ್ತು ತಲುಪಿದಾಗ ಅಂಚೆಯವನಿಗೆ ಹಣ ಕೊಟ್ಟು ಪಡೆಯುವ ವಿ.ಪಿ. ಪದ್ಧತಿಯನ್ನು ಭಾರತೀಯ ಅಂಚೆ ಇಲಾಖೆ ಜಾರಿಗೆ ತಂದದ್ದು 1877ರಲ್ಲಿ. ಮನಿಯಾರ್ಡರ್ ಸೇವೆಯನ್ನು ಇಲಾಖೆ ವಹಿಸಿಕೊಂಡದ್ದು 1880ರಲ್ಲಿ, ಕಂಕನಾಡಿಯ ಔಷಧಾಲಯ ಹುಟ್ಟಿದ ವರ್ಷವೇ. ಅಲ್ಲಿಯ ತನಕ ದೂರದೂರಿನ ಗಿರಾಕಿಯಿಂದ ಒಂದೆರಡು ರೂಪಾಯಿ ತರಿಸುವುದೇ ದೊಡ್ಡ ತೊಡಕಾಗಿತ್ತು. ಈಗ ಮಂಗಳೂರಿನಂತಹ ಮೂಲೆಯ ಬಂದರಿನಲ್ಲಿ ಕುಳಿತವನೂ ದೇಶದೊಡನೆ ವ್ಯವಹರಿಸುವುದು ಸಾಧ್ಯವಾಯಿತು.

ಸರಕೂ ಅಂಚೆಗೆ ಹೇಳಿಮಾಡಿಸಿದಂತಿತ್ತು. ಹೋಮಿಯೋಪಥಿಯ ಗುಳಿಗೆ ಹಗುರ, ಕೆಡುವುದಿಲ್ಲ, ಪುಟ್ಟ ಸೀಸೆಗಳಲ್ಲಿ ತುಂಬಿ ಪೆಟ್ಟಿಗೆಯಲ್ಲಿ ಅಡಕವಾಗಿ ಕಳುಹಿಸಬಹುದು. ಜೊತೆಗೊಂದು ಕೈಪಿಡಿ ಇದ್ದರೆ ವೈದ್ಯರಿಲ್ಲದ ಊರಿನ ಶಾಲಾ ಮಾಸ್ತರನೂ, ಕಾಫಿ ತೋಟದ ರೈಟರನೂ, ಹಳ್ಳಿಯ ಪಾದ್ರಿಯೂ ಔಷಧ ಹಂಚಬಹುದು. ಕಂಕನಾಡಿಯ ಪೆಟ್ಟಿಗೆಗಳಿಗೆ ಬೇಡಿಕೆ ಹೆಚ್ಚಿತು. ಬಂದ ಲಾಭ ಗುಡ್ಡದ ಮೇಲಿನ ಬಡವರಿಗೆ ಸಂದಿತು.

ಸೀಸೆ ತೊಳೆಯುವುದು, ತುಂಬುವುದು, ಹೆಸರಿನ ಚೀಟಿ ಅಂಟಿಸುವುದು, ಕಟ್ಟು ಕಟ್ಟುವುದು, ವಿಳಾಸ ಬರೆಯುವುದು, ಲೆಕ್ಕ ಇಡುವುದು, ಇವೇ ಇಂತಹ ಕಾಯಕದ ದಿನಚರಿ. ಸೇವೆ ಎಂಬ ಮಾತು ಕೇಳಿದಾಗ ಕಣ್ಣ ಮುಂದೆ ಬರುವ ಚಿತ್ರದಲ್ಲಿ ಲೆಕ್ಕದ ಪುಸ್ತಕ ಇರುವುದಿಲ್ಲ. ಆದರೆ ಕಂಕನಾಡಿಯ ಸೇವೆ ಬಾಳಿಕೆ ಬಂದದ್ದು ಲೆಕ್ಕದ ಪುಸ್ತಕದ ಬಲದಿಂದ. ಚೀಟಿ ಅಂಟಿಸುವಾಗ ಎಚ್ಚರ ತಪ್ಪಿದರೆ ದೂರದ ಯಾವುದೋ ಊರಿನಲ್ಲಿ ಒಬ್ಬ ಬೇರೆ ಮದ್ದು ನುಂಗುತ್ತಾನೆ. ಕಟ್ಟು ಸಡಿಲಾದರೆ ಸೀಸೆ ಒಡೆಯುತ್ತದೆ, ನಂಬಿಕೆಯೂ ಒಡೆಯುತ್ತದೆ. ಯಾರೂ ನೋಡದ ಇಂತಹ ಕೆಲಸದಲ್ಲಿ ಮನುಷ್ಯನ ಗುಣ ಪರೀಕ್ಷೆಗೆ ಒಳಗಾಗುತ್ತದೆ.

ಊರು ಹೊರಗಿಟ್ಟವರಿಗೆ ಮನೆ

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಹೆಸರಿನಲ್ಲಿ ಆಶ್ರಯಧಾಮವೊಂದನ್ನು ಆರಂಭಿಸಿದರು. ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರೂ ಔಷಧ ಇರಲಿಲ್ಲ. ಹವಾಯಿ ದ್ವೀಪ ಸಮೂಹದ ಮೊಲೊಕಾಯ್‌ನಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗ ತಗಲಿ, ಬೆಲ್ಜಿಯಂನ ಪಾದ್ರಿ ಡೇಮಿಯನ್ 1889ರ ಏಪ್ರಿಲ್‌ನಲ್ಲಿ ಪ್ರಾಣ ಬಿಟ್ಟಿದ್ದರು. ಆ ಸಾವಿನ ಸುದ್ದಿ ಜಗತ್ತನ್ನು ಕಲಕಿತ್ತು. ಕುಷ್ಠ ಎಷ್ಟರಮಟ್ಟಿಗೆ ಅಂಟುತ್ತದೆ ಎಂಬುದು ಆಗ ವೈದ್ಯರಿಗೂ ಖಚಿತವಿರಲಿಲ್ಲ. ಮುಲ್ಲರ್ ಧಾಮ ತೆರೆದದ್ದು ಇಂತಹ ಹೊತ್ತಿನಲ್ಲಿ.

ಈ ಜಿಲ್ಲೆಯಲ್ಲಿ ಕುಷ್ಠರೋಗಿ ಎಂದರೆ ಬದುಕಿರುವಾಗಲೇ ಮನೆಯವರ ಪಾಲಿಗೆ ಇಲ್ಲವಾದವನು. ದುಡಿದು ಮನೆ ನಡೆಸುತ್ತಿದ್ದ ಗಂಡಸು ಬೆರಳು ಸವೆಯತೊಡಗಿದೊಡನೆ ಹಟ್ಟಿಯಾಚೆಯ ಗುಡಿಸಲಿಗೆ, ಅಲ್ಲಿಂದ ಬೀದಿಗೆ ಬೀಳುತ್ತಿದ್ದ. ಅಂಥವನನ್ನು ಗುಣಪಡಿಸುವ ಶಕ್ತಿ ಮುಲ್ಲರ್ ಅವರಿಗಿರಲಿಲ್ಲ, ಲೋಕದಲ್ಲಿ ಯಾರಿಗೂ ಇರಲಿಲ್ಲ. ಕೊಡಲು ಸಾಧ್ಯವಿದ್ದುದು ಮಳೆಗೆ ಸೋರದ ಒಂದು ಮಾಡು, ಹೊತ್ತಿಗೆ ಗಂಜಿ, ಹುಣ್ಣು ತೊಳೆದು ಬಟ್ಟೆ ಕಟ್ಟುವ ಕೈ, ಹೆಸರು ಹಿಡಿದು ಕರೆಯುವ ಒಂದು ದನಿ. ಕುಷ್ಠವನ್ನು ನಿಜವಾಗಿ ಗುಣಪಡಿಸುವ ಸಲ್ಫೋನ್ ಔಷಧಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಅಂದರೆ ಕಂಕನಾಡಿಯ ಧಾಮ ಅರ್ಧ ಶತಮಾನ ಕಾಲ ಗುಣವಾಗದ ರೋಗಿಗಳ ಸೇವೆಯಲ್ಲೇ ಕಳೆಯಿತು.

ಫಲ ಕಾಣದ ಕೆಲಸವನ್ನು ನಿತ್ಯ ಮಾಡುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗುಣಪಡಿಸಿದ ರೋಗಿಗಳ ಸಂಖ್ಯೆಯಿಂದಲೇ ತನ್ನನ್ನು ಅಳೆದುಕೊಳ್ಳುವ ವೈದ್ಯ ಕುಷ್ಠಧಾಮದಲ್ಲಿ ಬಹಳ ದಿನ ನಿಲ್ಲಲಾರ. ಇಂದು ತೊಳೆಯಬೇಕಾದ ಹುಣ್ಣನ್ನು ಇಂದು ತೊಳೆದರೆ ಸಾಕು ಎಂಬ ಮನಸ್ಸಿಗೆ ಮಾತ್ರ ಅದು ಸಾಧ್ಯ.

ಪ್ಲೇಗ್‌ನ ದಿನಗಳು

1895ರಲ್ಲಿ ಔಷಧಾಲಯದ ಜೊತೆಗೆ ಒಳರೋಗಿಗಳ ಆಸ್ಪತ್ರೆ ಸೇರಿಕೊಂಡಿತು. ಬಂದು ಮದ್ದು ಪಡೆದು ಹೋಗುತ್ತಿದ್ದವರಿಗೆ ಈಗ ಉಳಿದುಕೊಳ್ಳಲು ಹಾಸಿಗೆ ಸಿಕ್ಕಿತು. ಮರುವರ್ಷವೇ, 1896ರಲ್ಲಿ, ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. 1898ರಲ್ಲಿ ಅದು ಬೆಂಗಳೂರಿಗೆ ಬಂದು ಊರನ್ನು ಬರಿದು ಮಾಡಿದ್ದು, ಅದರ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದು ಕನ್ನಡಿಗರಿಗೆ ತಿಳಿದ ಇತಿಹಾಸ. ಮುಂಬಯಿಯೊಡನೆ ಹಡಗಿನ ಸಂಪರ್ಕ ಇದ್ದ ಮಂಗಳೂರನ್ನು ಮಾರಿ ಬಹುಕಾಲ ದೂರವಿಡುವುದು ಸಾಧ್ಯವಿರಲಿಲ್ಲ. 1902ರಲ್ಲಿ ಪ್ಲೇಗ್ ಇಲ್ಲಿಗೂ ಬಂತು.

ಆ ದಿನಗಳಲ್ಲಿ ಪ್ಲೇಗಿನಷ್ಟೇ ಜನರನ್ನು ನಡುಗಿಸಿದ್ದು ಪ್ಲೇಗಿನ ಕ್ರಮಗಳು. ಮನೆ ಶೋಧ, ರೋಗಿಯನ್ನು ಎಳೆದೊಯ್ಯುವುದು, ಸಾಮಾನು ಸುಡುವುದು ಇವುಗಳಿಂದ ರೊಚ್ಚಿಗೆದ್ದು 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ನಡೆದಿತ್ತು. ದೇಶದ ಅನೇಕ ಊರುಗಳಲ್ಲಿ ಜನ ಕಾಯಿಲೆಯವರನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣಗಳನ್ನು ರಾತ್ರೋರಾತ್ರಿ ಹೂತರು. ಮುಲ್ಲರ್ 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿಯೇ ಪ್ರತ್ಯೇಕ ಆಸ್ಪತ್ರೆ ತೆರೆದರು. ಇಪ್ಪತ್ತೆರಡು ವರ್ಷ ಒಂದೇ ಕಡೆ ಕುಳಿತು ಮದ್ದು ಕೊಟ್ಟ ವ್ಯಕ್ತಿಯ ಹೆಸರಿಗೆ ಅಷ್ಟರಲ್ಲಿ ಊರಿನಲ್ಲಿ ಒಂದು ಬೆಲೆ ಬಂದಿತ್ತು. ಇಂತಹ ನಂಬಿಕೆಯನ್ನು ಮಾರಿ ಬಂದ ಮೇಲೆ ಆಜ್ಞೆ ಹೊರಡಿಸಿ ಸಂಪಾದಿಸಲಾಗದು. ಆಗ ಮುಲ್ಲರ್ ಅವರಿಗೆ 61 ವರ್ಷ.

ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿ ಗೌರವಿಸಿತು. 1910ರ ನವೆಂಬರ್ 1ರಂದು, ಕೆಥೋಲಿಕರು ಸರ್ವ ಸಂತರ ಹಬ್ಬ ಆಚರಿಸುವ ದಿನವೇ, 69ನೆಯ ವಯಸ್ಸಿನಲ್ಲಿ ಮುಲ್ಲರ್ ನಿಧನರಾದರು.

ಔಷಧದ ಪ್ರಶ್ನೆ

ಮುಲ್ಲರ್ ಅವರ ಬದುಕನ್ನು ಹೇಳುವಾಗ ಒಂದು ಕಠಿಣ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಅವರು ನಂಬಿದ ಹೋಮಿಯೋಪಥಿಯ ಪರಿಣಾಮದ ಬಗ್ಗೆ ವಿಜ್ಞಾನದ ತೀರ್ಪು ಅನುಕೂಲಕರವಾಗಿಲ್ಲ. ಜರ್ಮನಿಯ ಹಾನಿಮನ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಮೂಲದ್ರವ್ಯವನ್ನು ಮತ್ತೆ ಮತ್ತೆ ತೆಳುಗೊಳಿಸುತ್ತಾರೆ. ಹೆಚ್ಚು ತೆಳುಗೊಳಿಸಿದ ಔಷಧಗಳಲ್ಲಿ ಮೂಲದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವವಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ಅದು ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಆಧಾರವಿಲ್ಲ ಎಂಬ ನಿರ್ಣಯಕ್ಕೆ 2015ರಲ್ಲಿ ಬಂತು. ಭಾರತದಲ್ಲಿ ಅದಕ್ಕೆ ಸರಕಾರದ ಮಾನ್ಯತೆ ಇದೆ, ಲಕ್ಷಾಂತರ ಮಂದಿ ಅದನ್ನು ನೆಚ್ಚಿದ್ದಾರೆ. ವಾದ ಮುಗಿದಿಲ್ಲ.

ಆದರೆ 1880ರ ಲೋಕವನ್ನು ನೆನೆಯಬೇಕು. ಪೆನಿಸಿಲಿನ್ ಬರಲು ಇನ್ನೂ ಆರು ದಶಕ ಬಾಕಿ ಇತ್ತು. ಪಾದರಸದ ಭೇದಿಮದ್ದು ವೈದ್ಯರ ಪೆಟ್ಟಿಗೆಯಿಂದ ಮರೆಯಾಗಿರಲಿಲ್ಲ. ರೋಗಕ್ಕಿಂತ ಮದ್ದೇ ರೋಗಿಯನ್ನು ಹೈರಾಣು ಮಾಡುವುದು ಅಪರೂಪವಾಗಿರಲಿಲ್ಲ. ಸಕ್ಕರೆ ಗುಳಿಗೆ ಅಂತಹ ಹಾನಿಯನ್ನಾದರೂ ಮಾಡಲಿಲ್ಲ. ಕಲ್ಕತ್ತೆಯಲ್ಲಿ ಪಾಶ್ಚಾತ್ಯ ವೈದ್ಯದ ಉನ್ನತ ಪದವಿ ಪಡೆದಿದ್ದ ಮಹೇಂದ್ರಲಾಲ್ ಸರ್ಕಾರ್ ಅಂಥವರೇ 1867ರಲ್ಲಿ ಹೋಮಿಯೋಪಥಿಯ ಪರ ನಿಂತಿದ್ದರು. ಮುಲ್ಲರ್ ತಮ್ಮ ಕಾಲದ ತಿಳಿವಳಿಕೆಯಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡರು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಅದಕ್ಕಿಂತ ಮುಖ್ಯವಾದುದು ಗುಳಿಗೆಯೊಂದಿಗೆ ಅವರು ಕಟ್ಟಿದ ಉಳಿದ ವ್ಯವಸ್ಥೆ. ಬಡವ ಬಂದರೆ ಹಿಂದೆ ಕಳುಹಿಸುವುದಿಲ್ಲ, ಮುಟ್ಟಲು ಹೇಸುವ ರೋಗಿಗೂ ಜಾಗವುಂಟು, ಮಾರಿ ಬಂದಾಗ ಬಾಗಿಲು ಹಾಕುವುದಿಲ್ಲ, ಖರ್ಚನ್ನು ದುಡಿದು ತುಂಬಿಸಬೇಕು ಎಂಬ ಕ್ರಮಗಳು ಯಾವ ವೈದ್ಯಪದ್ಧತಿಗೂ ಕಟ್ಟುಬಿದ್ದವಲ್ಲ. ಹಾಗಾಗಿಯೇ ಆಸ್ಪತ್ರೆ ಮುಂದೆ ಆಧುನಿಕ ವೈದ್ಯಕ್ಕೆ ತೆರೆದುಕೊಂಡಾಗಲೂ ಅಡಿಪಾಯ ಅಲುಗಲಿಲ್ಲ. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಆರಂಭವಾದವು. ಮಂಗಳೂರು ಧರ್ಮಪ್ರಾಂತದ ಆಡಳಿತದಲ್ಲಿ ಈ ಎರಡೂ ಇಂದು ಮುಲ್ಲರ್ ಅವರ ಹೆಸರಿನಲ್ಲೇ ನಡೆಯುತ್ತಿವೆ.

ಗೋಡೆಯ ಮೇಲೆ ಉಳಿಯದ ಕೆಲಸ

ಮಂಗಳೂರಿಗೆ ಬರುವ ಪ್ರವಾಸಿಗಳು ತಪ್ಪದೆ ನೋಡುವ ತಾಣ ಸಂತ ಅಲೋಶಿಯಸ್ ಚಾಪೆಲ್. ಅದರ ಗೋಡೆ ಮಾಡುಗಳ ತುಂಬ ಚಿತ್ರ ಬರೆದವರು ಇಟಲಿಯ ಅಂತೋನಿಯೊ ಮೊಸ್ಕೇನಿ. ಅವರೂ ಯೇಸುಸಭೆಗೆ ಸೇರಿದವರೇ. ಚಿತ್ರಗಳು ಮೂಡಿದ್ದು 1900ರ ಆಸುಪಾಸಿನಲ್ಲಿ, ಮುಲ್ಲರ್ ಕಂಕನಾಡಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲೇ. ಒಂದೇ ಊರು, ಒಂದೇ ಸಭೆ, ಒಂದೇ ಹೊತ್ತು. ಒಬ್ಬರ ಕೆಲಸ ಶತಮಾನ ದಾಟಿ ಕಣ್ಣಿಗೆ ಕಾಣುತ್ತದೆ. ಇನ್ನೊಬ್ಬರು ತೊಳೆದ ಹುಣ್ಣು, ಕಟ್ಟಿದ ಪೊಟ್ಟಣ ಅಂದಂದಿಗೇ ಮುಗಿದುಹೋದವು. ಬಹುಪಾಲು ಗಂಡಸರ ದುಡಿಮೆ ಈ ಎರಡನೆಯ ಬಗೆಯದು. ಬಸ್ಸು ಓಡಿಸುವವನ, ಬಂದರಿನಲ್ಲಿ ಮೀನು ಇಳಿಸುವವನ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸಿದವನ, ಕಚೇರಿಯಲ್ಲಿ ಕಡತ ತಿದ್ದುವವನ ಕೆಲಸ ಗೋಡೆಯ ಮೇಲೆ ಚಿತ್ರವಾಗಿ ನಿಲ್ಲುವುದಿಲ್ಲ.

ಅದರಿಂದ ಆ ಕೆಲಸ ಅರ್ಥಹೀನವಾಗುವುದಿಲ್ಲ ಎಂಬುದಕ್ಕೆ ಕಂಕನಾಡಿಯ ಗುಡ್ಡ ಸಾಕ್ಷಿ. ಗುಣಪಡಿಸುವುದು ಮತ್ತು ಸಾಂತ್ವನ ನೀಡುವುದು ಎಂಬ ಎರಡು ಮಾತುಗಳು ಮುಲ್ಲರ್ ಸಂಸ್ಥೆಯ ಧ್ಯೇಯವಾಗಿವೆ. ಮೊದಲನೆಯದು ಆಯಾ ಕಾಲದ ಔಷಧವನ್ನು ಅವಲಂಬಿಸಿದೆ. ಎರಡನೆಯದು ಬಾಗಿಲಲ್ಲಿ ನಿಂತ ರೋಗಿಗೆ ಎದುರಾದ ಮನುಷ್ಯನನ್ನು ಅವಲಂಬಿಸಿದೆ. ಮುಲ್ಲರ್ ಅವರ ಕೈಯಲ್ಲಿ ಮೊದಲನೆಯದು ಎಷ್ಟಿತ್ತು ಎಂಬ ಬಗ್ಗೆ ಇಂದು ಚರ್ಚೆ ನಡೆಯಬಹುದು. ಎರಡನೆಯದನ್ನು ಅವರು 30 ವರ್ಷ ಕೊರತೆಯಿಲ್ಲದೆ ಕೊಟ್ಟರು. ನಸುಕಿನಲ್ಲೇ ಹಳ್ಳಿಯಿಂದ ಹೊರಟು ಕಂಕನಾಡಿಯಲ್ಲಿ ಬಸ್ಸಿಳಿದು, ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲುವ ಬಡ ರೋಗಿಗೆ ಈ ಕಥೆ ಗೊತ್ತಿರಬೇಕೆಂದಿಲ್ಲ. ಆ ಸಾಲು ಶುರುವಾದದ್ದು 1880ರಲ್ಲಿ, ಒಂದು ಆಲದ ಮರದ ಬುಡದಲ್ಲಿ.